ಎರಡು ಕಿಲೋಮೀಟರಿನೊಳಗೆ ಒಂದು ಒದೆ

ಹೇಮಚಂದ್ರನಿಗೆ ಇಂಗ್ಲಿಷ್ ಬರುತ್ತದೆ ಎಂಬ ವಿಷಯದಲ್ಲಿ ಆಡಮ್ಸ್‌ಟೌನಿನ ಕನ್ನಡಿಗರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹೇಮಚಂದ್ರನಿಗಂತೂ ಇರಲೇ ಇಲ್ಲ. ತಿಪಟೂರಿನ ಪಿಯು ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಹೇಳಿ, ಹೆಂಡತಿ ಡಾಕ್ಟರ್ ವಸುಂಧರಾಗೆ ಐರ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಅವಳ ಹಿಂದೆ ಸೂಟ್‌ಕೇಸ್ ಹಿಡಿದು ಬಂದವನು ಆತ. ಇಲ್ಲಿಯ ಅಂಗಡಿಯವರು, ಬಸ್ಸಿನವರು ಅವನ ಪ್ರತಿ ವಾಕ್ಯಕ್ಕೂ "ಸಾರಿ?" ಎಂದು ಎರಡೆರಡು ಸಲ ಕೇಳುತ್ತಿದ್ದರು. ಅದು ಅವರ ಇಂಗ್ಲಿಷಿನ ದೋಷವೆಂದು ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದ.

ಅದು ಎರಡು ಸಾವಿರದ ಇಪ್ಪತ್ತರ ಏಪ್ರಿಲ್. ಮನೆಯಿಂದ ಎರಡು ಕಿಲೋಮೀಟರಿನಾಚೆ ಯಾರೂ ಹೋಗುವಂತಿರಲಿಲ್ಲ. ವಸುಂಧರಾಳನ್ನು ಕೊರೋನಾ ವಾರ್ಡಿಗೆ ಹಾಕಿದ್ದರು. ಮನೆಯಲ್ಲಿ ಅವಳ ತಾಯಿ ಜಯಮಾಲಾ ಇದ್ದರು. ಎರಡು ತಿಂಗಳಿಗೆಂದು ಬಂದು, ವಿಮಾನ ನಿಂತು, ಸಕ್ಕರೆ ಕಾಯಿಲೆಯ ಮಾತ್ರೆಗಳೊಂದಿಗೆ ಇಲ್ಲೇ ಉಳಿದುಬಿಟ್ಟವರು. ತಾಯಿಗೆ ಅಂಟೀತೆಂದು ವಸುಂಧರಾ ಇಪ್ಪತ್ತಮೂರು ದಿನಗಳಿಂದ ಮನೆಗೇ ಬಾರದೆ ಆಸ್ಪತ್ರೆಯ ಪಕ್ಕದ ಹೋಟೆಲಿನಲ್ಲಿದ್ದಳು. ಹೀಗಾಗಿ ಮನೆಯಲ್ಲಿ ಅಳಿಯ, ಅತ್ತೆ ಮತ್ತು ಭಯ, ಮೂವರೇ.

ಮೂವರಲ್ಲಿ ದೊಡ್ಡದು ಭಯ. ಹೇಮಚಂದ್ರ ಹಾಲಿನ ಬಾಟಲಿಗೆ ಸೋಪು ಹಚ್ಚುತ್ತಿದ್ದ, ಈರುಳ್ಳಿಗೆ ಸ್ನಾನ ಮಾಡಿಸುತ್ತಿದ್ದ, ಬಂದ ಕಾಗದವನ್ನು ಮೂರು ದಿನ ಬಿಸಿಲಿಗಿಟ್ಟು ಓದುತ್ತಿದ್ದ. ಐರ್ಲೆಂಡಿನಲ್ಲಿ ಬಿಸಿಲಿಲ್ಲದ ಕಾರಣ ಹಲವು ಕಾಗದಗಳು ಇನ್ನೂ ಕಿಟಕಿಯಲ್ಲೇ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೆದರುತ್ತಿದ್ದುದು ಆಂಬುಲೆನ್ಸಿಗೆ. ಆಸ್ಪತ್ರೆಯೊಳಗೆ ಹೋದವನು ಸಂಜೆ ಆರರ ವಾರ್ತೆಯಲ್ಲಿ ಅಂಕಿಯಾಗಿ ಹೊರಬರುತ್ತಾನೆ ಎಂದು ಅವನು ದೃಢವಾಗಿ ನಂಬಿದ್ದ. ತನ್ನನ್ನು ಹಾಗೆ ಒಯ್ದುಬಿಟ್ಟರೆ ವಸುವನ್ನು ಮತ್ತೆ ನೋಡುವುದೇ ಇಲ್ಲವಲ್ಲ ಎಂಬುದು ಅವನ ಸಂಕಟ. ವಸು ದಿನಾ ಅದೇ ಆಸ್ಪತ್ರೆಗೆ ಹೋಗುತ್ತಾಳೆಂಬುದನ್ನು ನೆನೆದರಂತೂ ಅವನು ತೊಳೆದ ಈರುಳ್ಳಿಯನ್ನೇ ಮತ್ತೆ ತೊಳೆಯುತ್ತಿದ್ದ. ಅದನ್ನು ಮರೆಯಲೆಂದೇ ಅವನು ಆನ್‌ಲೈನ್ ತರಗತಿ ಶುರು ಮಾಡಿದ್ದು. ಹೆಸರು, "ಶನಿವಾರಕ್ಕೊಂದು ಕ್ರಿಯಾಪದ".

ವಿದ್ಯಾರ್ಥಿಗಳು ಹದಿನಾಲ್ಕು ಜನ. ದೂರದ ಊರು ಡನ್‌ಡಾಕಿನಲ್ಲಿ ಎಂ.ಎಸ್. ಓದುತ್ತಿದ್ದ ಕಾರ್ತಿಕೇಯ, ಆಡಮ್ಸ್‌ಟೌನಿನದೇ ಇನ್ನೊಂದು ಮೂಲೆಯ ಗೃಹಿಣಿ ವಿನೋದಿನಿ, ಉಳಿದವರು ಹೀಗೆಯೇ ಬಂದು ಸಿಕ್ಕಿಕೊಂಡ ಅತ್ತೆ ಮಾವಂದಿರು. ಕ್ರಿಯಾಪದವನ್ನು ಹೇಳಬಾರದು, ಮಾಡಿ ತೋರಿಸಬೇಕು ಎಂಬುದು ಹೇಮಚಂದ್ರನ ಬೋಧನಾ ತತ್ತ್ವ. ಹಿಂದಿನ ವಾರದ ಪದ "ಸ್ಲೀಪ್" ಆಗಿದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಈ ವಾರದ ಪದ "ಟ್ವಿಸ್ಟ್".

"ಮೊದಲನೇ ಪ್ರಯೋಗ. ಟ್ವಿಸ್ಟ್ ದ ಲಿಡ್. ಮುಚ್ಚಳ ತಿರುಗಿಸುವುದು," ಎಂದು ಅವನು ಉಪ್ಪಿನಕಾಯಿ ಜಾಡಿ ಹಿಡಿದ. ಮುಚ್ಚಳ ತಿರುಗಲಿಲ್ಲ. "ಪ್ರಯತ್ನ ಪಟ್ಟರೂ ಅದು ಟ್ವಿಸ್ಟೇ," ಎಂದು ಜಾಡಿ ಕೆಳಗಿಟ್ಟ. ಎರಡನೆಯದಕ್ಕೆ ಅತ್ತೆಯ ಹತ್ತಿ ತಂದು ದೀಪದ ಬತ್ತಿ ಹೊಸೆದು ತೋರಿಸಿದ. "ಮೂರನೆಯದು, ಟ್ವಿಸ್ಟ್ ಸಮ್‌ಒನ್ಸ್ ಆರ್ಮ್. ಅಂದ್ರೆ ನಿಜವಾಗಿ ಕೈ ತಿರುಚೋದಲ್ಲ. ಬಲವಂತ ಮಾಡಿ ಒಪ್ಸೋದು. ಅತ್ತೆ ನನಗೆ ನಾಲ್ಕನೇ ಹೋಳಿಗೆ ಬಡಿಸ್ತಾರಲ್ಲ, ಅದು. ನಾಲ್ಕು, ಟ್ವಿಸ್ಟ್ ಸಮ್‌ಒನ್ಸ್ ವರ್ಡ್ಸ್. ಯಾರೋ ಆಡಿದ ಮಾತನ್ನ ತಿರುಚಿ ಬೇರೆ ಅರ್ಥ ಬರೋ ಹಾಗೆ ಹೇಳೋದು."

"ಗೊತ್ತಾಯ್ತು, ನಿಮ್ಮಮ್ಮ ಮಾಡ್ತಿದ್ರಲ್ಲ," ಎಂದಿತು ಅಡುಗೆಮನೆಯಿಂದ ಜಯಮಾಲಾರ ದನಿ. ಹದಿನಾಲ್ಕು ಜನರೂ ಅದನ್ನು ಉದಾಹರಣೆಯೆಂದು ಬರೆದುಕೊಂಡರು.

ರಸ್ತೆ ಅಂಕುಡೊಂಕಾಗಿ ಹೋಗುವುದು ಐದನೆಯದಾಯಿತು. ಪಾಠ ಅಲ್ಲಿಗೆ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ವಿನೋದಿನಿ ಕೈಯೆತ್ತಿದಳು. "ಸರ್, ಟ್ವಿಸ್ಟ್ ಅಂತ ಒಂದು ಡ್ಯಾನ್ಸೂ ಐತಲ್ವಾ?"

"ಐತಲ್ವಾ ಅಂದ್ರೇನಮ್ಮಾ? ಆರನೇ ಪ್ರಯೋಗವೇ ಅದು," ಎಂದ ಹೇಮಚಂದ್ರ. ಆ ಡ್ಯಾನ್ಸ್ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವುದೂ ಅವನಿಗೆ ಗೊತ್ತಿರಲಿಲ್ಲ. ನಲವತ್ತೇಳು ವರ್ಷದ ಆ ಮನುಷ್ಯ ಎದ್ದು ನಿಂತು, ಎರಡೂ ಕೈ ಚಾಚಿ, ಮೊಣಕಾಲು ಬಗ್ಗಿಸಿ, ಸೊಂಟವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ರಭಸದಿಂದ ತಿರುಗಿಸಿದ.

ಕಟಕ್.

ಮೈಕಿನ ಮೂಲಕ ಆ ಸದ್ದು ಡನ್‌ಡಾಕ್‌ವರೆಗೂ ಕೇಳಿಸಿತು. ಹೇಮಚಂದ್ರ ಗಡಿಯಾರದಲ್ಲಿ ಒಂದು ಗಂಟೆ ತೋರಿಸುವ ಮುಳ್ಳಿನ ಹಾಗೆ ಬಲಕ್ಕೆ ವಾಲಿ ನಿಂತುಬಿಟ್ಟ. ಕಣ್ಣಲ್ಲಿ ನೀರು ತುಂಬಿತು. ಆದರೆ ಮೇಷ್ಟರು ಮೇಷ್ಟರೇ. "ಇದು... ಏಳನೇ ಪ್ರಯೋಗ," ಎಂದ ಹಲ್ಲು ಕಚ್ಚಿಕೊಂಡು. "ಟ್ವಿಸ್ಟ್... ಒನ್ಸ್... ಬ್ಯಾಕ್."

"ಎಂಥಾ ಡೆಡಿಕೇಶನ್ ಸರ್!" ಎಂದ ಕಾರ್ತಿಕೇಯ. ತೆರೆಯ ತುಂಬ ಚಪ್ಪಾಳೆಯ ಚಿತ್ರಗಳು ಹಾರಿದವು.

ಜಯಮಾಲಾ ಬಂದು ಅಳಿಯನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಉಳುಕು," ಎಂದು ತೀರ್ಪು ಕೊಟ್ಟರು. "ಇದಕ್ಕೆ ಔಷಧಿ ಇಲ್ಲ ಅಳಿಯಂದ್ರೇ. ಕಾಲು ಮುಂದಾಗಿ ಹುಟ್ಟಿದೋರ ಹತ್ರ ಸೊಂಟಕ್ಕೆ ಮೂರು ಸಲ ಒದೆಸ್ಕೊಬೇಕು. ಅಷ್ಟೇ."

"ಅತ್ತೇ, ನಾನು ಇಂಗ್ಲಿಷ್ ಎಂ.ಎ.!"

"ಸೊಂಟಕ್ಕೆ ಅದು ಗೊತ್ತಿಲ್ವಲ್ಲ."

"ಇದೆಲ್ಲ ಮೂಢನಂಬಿಕೆ. ಡಾಕ್ಟರ ಮನೇಲಿ ಇಂಥ ಮಾತು ಆಡಬಾರದು."

"ಹಂಗಾದ್ರೆ ಡಾಕ್ಟರಿಗೇ ಹೇಳೋಣ ಬಿಡಿ," ಎಂದು ಜಯಮಾಲಾ ಫೋನೆತ್ತಿದರು. "ವಸು ಒಂದು ಆಂಬುಲೆನ್ಸ್ ಕಳಿಸ್ತಾಳೆ."

ಆಂಬುಲೆನ್ಸು, ಬಿಳಿ ಬಟ್ಟೆಯ ಮನುಷ್ಯರು, ಆರು ಗಂಟೆಯ ವಾರ್ತೆ, ಎಲ್ಲ ಒಟ್ಟಿಗೆ ಹೇಮಚಂದ್ರನ ಕಣ್ಮುಂದೆ ಬಂದವು. ಎಂ.ಎ. ಪದವಿ ಅಲ್ಲಿಂದಲೇ ಕೆಳಗಿಳಿಯಿತು. "ಮೂರೇ ಸಲ ಸಾಕಾ ಅತ್ತೆ?" ಎಂದು ಮೆಲ್ಲಗೆ ಕೇಳಿದ. "ಅಂಥೋರು ಯಾರಾದ್ರೂ ನಿಮಗೆ ಗೊತ್ತಾ?"

ಜಯಮಾಲಾ ಯಾಕೋ ಸೀರೆಯ ಸೆರಗನ್ನು ಸರಿಮಾಡಿಕೊಂಡರು. "ನಂಗೆ ಯಾರು ಗೊತ್ತು ಈ ದೇಶದಲ್ಲಿ. ನೀವೇ ಹುಡುಕಿ," ಎಂದು ಒಳಗೆ ಹೋದರು.

ಸಂಜೆ ವಸುಂಧರಾಳ ವಿಡಿಯೋ ಕರೆ ಬರುವ ಹೊತ್ತು. ಕರೆ ತೆಗೆಯದಿದ್ದರೆ ಅವಳು ಗಾಬರಿಯಾಗುತ್ತಾಳೆ, ತೆಗೆದರೆ ಸೊಂಟ ಕಾಣುತ್ತದೆ. ಹೇಮಚಂದ್ರ ಯೋಚಿಸಿ ಒಂದು ಉಪಾಯ ಮಾಡಿದ. ತಾನು ಎಷ್ಟು ವಾಲಿದ್ದನೋ ಫೋನನ್ನೂ ಅಷ್ಟೇ ವಾಲಿಸಿ ಹಿಡಿದ. ತೆರೆಯ ಮೇಲೆ ಅವನು ಲಕ್ಷಣವಾಗಿ ನೆಟ್ಟಗಾದ. ಆದರೆ ಹಿಂದಿನ ಗೋಡೆ, ಬಾಗಿಲು, ಕ್ಯಾಲೆಂಡರಿನ ಗಣಪತಿ, ಎಲ್ಲ ಒಂದು ಕಡೆಗೆ ಮುಗ್ಗರಿಸಿದವು.

"ರೀ, ಕ್ಯಾಲೆಂಡರ್ ಯಾಕೆ ಹಂಗಿದೆ?" ಎಂದಳು ವಸುಂಧರಾ. ಮಾಸ್ಕಿನ ಗೆರೆ ಅವಳ ಕೆನ್ನೆಯ ಮೇಲೆ ಕೆಂಪಗೆ ಉಳಿದಿತ್ತು.

"ಗಾಳಿ. ವಿಪರೀತ ಗಾಳಿ."

"ಬಾಗಿಲೂ ಗಾಳಿಗೇನಾ?"

"ಅದೂ ಸ್ವಲ್ಪ."

"ನಿಮ್ಮ ಮುಖ ಯಾಕೆ ಬೆವರ್ತಿದೆ?"

"ನಾನು ಗ್ರ್ಯಾಂಡ್, ವಸು! ಗ್ರ್ಯಾಂಡ್!" ಎಂದ ಹೇಮಚಂದ್ರ, ಚೆನ್ನಾಗಿದ್ದೇನೆ ಎನ್ನಲು ಐರ್ಲೆಂಡಿನವರು ಹೇಳುವ ಹಾಗೆಯೇ. ವಸುಂಧರಾ ತೆರೆಯ ಹತ್ತಿರಕ್ಕೆ ಬಗ್ಗಿ ಅವನ ಮುಖವನ್ನೇ ನೋಡಿ, "ಆಯ್ತು" ಎಂದು ಕರೆ ಮುಗಿಸಿದಳು. ಹೆಂಡತಿಯನ್ನು ಚೆನ್ನಾಗಿ ನಂಬಿಸಿದೆನೆಂದು ಅವನು ಆ ರಾತ್ರಿ ಕುರ್ಚಿಯಲ್ಲಿ ವಾಲಿಕೊಂಡೇ ಮಲಗಿದ.

ಮಾರನೆಯ ಬೆಳಿಗ್ಗೆ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಹೇಮಚಂದ್ರನ ಒಂದು ಸಂದೇಶ ಬಿತ್ತು. "ತುರ್ತು. ಎರಡು ಕಿಲೋಮೀಟರಿನೊಳಗೆ ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಇದ್ದಲ್ಲಿ ಕೂಡಲೇ ಸಂಪರ್ಕಿಸಿ. ಸಂಶೋಧನೆಗಾಗಿ." ಗುಂಪಿನಲ್ಲಿ ಗಲಾಟೆಯೆದ್ದಿತು. ಕೊರೋನಾಕ್ಕೂ ಕಾಲಿಗೂ ಏನೋ ಸಂಬಂಧ ಪತ್ತೆಯಾಗಿದೆಯೆಂದು ಕೆಲವರು ತಮ್ಮ ಪಾದಗಳ ಫೋಟೋ ಹಾಕಿದರು. ಸಿಸೇರಿಯನ್ ಆದವರ ಗತಿಯೇನು ಎಂದು ಒಬ್ಬರು ಅಳುವ ಧ್ವನಿಸಂದೇಶ ಕಳಿಸಿದರು. ಕೊನೆಗೆ ಕಾರ್ತಿಕೇಯ ಬರೆದ. "ಸರ್, ನಾನು ಎರಡೂ ಕಾಲು ಮುಂದಾಗಿ ಹುಟ್ಟಿದೋನು. ಅಮ್ಮನ್ನ ಕೇಳಿ ಕನ್ಫರ್ಮ್ ಮಾಡ್ಕೊಂಡೆ."

ಆದರೆ ಡನ್‌ಡಾಕ್ ಎಂಬತ್ತು ಕಿಲೋಮೀಟರ್ ದೂರ. ಜಯಮಾಲಾ ಒಂದು ನಿಮಿಷ ಯೋಚಿಸಿದರು. "ಸತ್ಯನಾರಾಯಣ ಪೂಜೆನೇ ಕಂಪ್ಯೂಟರಲ್ಲಿ ಮಾಡಿಸ್ತಿದಾರಂತೆ. ಒದೆ ಯಾಕಾಗಲ್ಲ?"

ಪೂರ್ವಕ್ಕೆ ಮುಖ ಮಾಡಬೇಕೆಂದು ಹಿತ್ತಲಿನಲ್ಲಿ ಏರ್ಪಾಡಾಯಿತು. ಹೇಮಚಂದ್ರ ಬೇಲಿ ಹಿಡಿದು ನಿಂತ. ಜಯಮಾಲಾ ಲ್ಯಾಪ್‌ಟಾಪ್ ತೆರೆದು ಅವನ ಸೊಂಟಕ್ಕೆ ಒತ್ತಿ ಹಿಡಿದರು. "ಒದಿಯಪ್ಪಾ!" ಎಂದು ಕೂಗಿದರು. ಕಾರ್ತಿಕೇಯ ತನ್ನ ಕ್ಯಾಮರಾದತ್ತ ಗಾಳಿಯಲ್ಲಿ ಒದ್ದ. ಏನೂ ಆಗಲಿಲ್ಲ.

"ಊಟ ಮಾಡಿಲ್ವೇನೋ? ಜೋರಾಗಿ ಒದಿ!"

"ಗುರುಗಳಿಗೆ ಹೆಂಗಜ್ಜಿ ಜೋರಾಗಿ ಒದೀಲಿ..."

"ಗುರುದಕ್ಷಿಣೆ ಅಂದ್ಕೋ, ಒದಿ!"

ಕಾರ್ತಿಕೇಯ ಕಣ್ಮುಚ್ಚಿ, ಭಕ್ತಿಯಿಂದ, ಪೂರ್ತಿ ಬಲ ಹಾಕಿ ಒದ್ದ. ಡನ್‌ಡಾಕಿನಲ್ಲಿ ಏನೋ ಫಟಾರನೆ ಒಡೆದ ಸದ್ದಾಯಿತು. ತೆರೆ ಕಪ್ಪಾಯಿತು. ಕತ್ತಲೆಯೊಳಗಿಂದ "ಅಯ್ಯೋ ನನ್ನ ಲ್ಯಾಪ್‌ಟಾಪು, ಅದ್ರಲ್ಲೇ ನನ್ನ ಥೀಸಿಸ್ಸು!" ಎಂಬ ಆರ್ತನಾದ ಕೇಳಿಸಿ ನಿಂತುಹೋಯಿತು. ಹೇಮಚಂದ್ರನ ಸೊಂಟ ಇದ್ದ ಹಾಗೆಯೇ ಇತ್ತು. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ನೆರೆಮನೆಯ ನೋರೀನ್ ಅಜ್ಜಿ, ಬಾಗಿ ನಿಂತ ಗಂಡಸಿನ ಹಿಂಭಾಗಕ್ಕೆ ಲ್ಯಾಪ್‌ಟಾಪ್ ಹಿಡಿದು ಅರಚುತ್ತಿದ್ದ ಮುದುಕಿಯನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು.

ಅವತ್ತು ಸಂಜೆಯೂ ಗಣಪತಿ ವಾಲಿದ್ದ, ವಸುಂಧರಾ ಅವನ ಬೆವರನ್ನೇ ನೋಡಿ ಕರೆ ಮುಗಿಸಿದಳು.

ಸೋಮವಾರ ವಿನೋದಿನಿಯ ಫೋನು ಬಂತು. "ಸರ್, ನಾನೂ ಊರಿಗೆ ಫೋನ್ ಮಾಡಿ ಕೇಳ್ದೆ. ನಂದು ಒಂದೇ ಕಾಲು ಮುಂದೆ ಬಂದಿತ್ತಂತೆ. ನಡೆಯುತ್ತಾ?"

ಹೇಮಚಂದ್ರ ಅತ್ತೆಯ ಮುಖ ನೋಡಿದ. ಜಯಮಾಲಾ ಬೆರಳು ಮಡಿಸಿ ಲೆಕ್ಕ ಹಾಕಿದರು. "ಒಂದೇ ಕಾಲಾದ್ರೆ ಆರು ಸಲ ಒದೀಬೇಕು."

ವಿನೋದಿನಿಯ ಮನೆ ಇದ್ದದ್ದು ಒಂದೂವರೆ ಕಿಲೋಮೀಟರಿನಲ್ಲಿ, ಅಂದರೆ ಕಾನೂನಿನೊಳಗೆ. ಎರಡು ಮನೆಗಳ ನಡುವಿನ ಹುಲ್ಲಿನ ಮೈದಾನದಲ್ಲಿ ಭೇಟಿಯೆಂದು ಗೊತ್ತಾಯಿತು. ಆದರೆ ಒಬ್ಬರಿಗೊಬ್ಬರು ಎರಡು ಮೀಟರ್ ದೂರ ನಿಲ್ಲಬೇಕಲ್ಲ, ಎರಡು ಮೀಟರ್ ಉದ್ದದ ಕಾಲು ಯಾರಿಗಿದೆ? ವಿನೋದಿನಿ ಜಾಣೆ. ನೆಲ ಒರೆಸುವ ಕೋಲಿನ ತುದಿಗೆ ತನ್ನ ಎಡಗಾಲಿನ ಶೂ ಕಟ್ಟಿಕೊಂಡು ಬಂದಿದ್ದಳು. ಹೇಮಚಂದ್ರ ಮಾಸ್ಕು, ಕೈಗವಸು, ಕಪ್ಪು ಕನ್ನಡಕ ಧರಿಸಿ ಒಂದು ಮರವನ್ನು ಅಪ್ಪಿಕೊಂಡು ನಿಂತ. ಜಯಮಾಲಾ ಮನೆಯಿಂದಲೇ ಫೋನಿನ ಸ್ಪೀಕರಿನಲ್ಲಿ ಎಣಿಸುತ್ತಿದ್ದರು.

"ಒಂದು!"

"ಅಯ್ಯಪ್ಪಾ!"

"ಎರಡು!"

"ಅಮ್ಮಾ!"

"ಮೂ..."

"ಏನು ನಡೀತಿದೆ ಇಲ್ಲಿ?" ಎಂದು ಇಂಗ್ಲಿಷಿನಲ್ಲಿ ಗಡಸು ದನಿಯೊಂದು ಕೇಳಿತು. ಗಾರ್ಡ, ಅಂದರೆ ಅಲ್ಲಿಯ ಪೊಲೀಸು. ಆರಡಿ ಮೂರಂಗುಲ.

ಹೇಮಚಂದ್ರ ಮರವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಸರ್, ಈ ಮಹಿಳೆ ನಿಮಗೆ ಹೊಡೆಯುತ್ತಿದ್ದಾರೆಯೇ?"

"ನೋ ನೋ. ಶಿ ಈಸ್ ಮೈ ಸ್ಟೂಡೆಂಟ್."

ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ವಿನೋದಿನಿ ಗುರುಗಳ ಮಾನ ಉಳಿಸಲು ಮುಂದೆ ಬಂದಳು. "ಗಾರ್ಡ ಸರ್, ಮೈ ಒನ್ ಲೆಗ್ ಓನ್ಲಿ ಕೇಮ್ ಫಸ್ಟ್. ಸೋ ಸಿಕ್ಸ್ ಟೈಮ್ಸ್."

ಗಾರ್ಡ ಅವಳ ಎರಡೂ ಕಾಲುಗಳನ್ನು ನೋಡಿದ. ಕೋಲಿನ ತುದಿಯ ಶೂ ನೋಡಿದ. ವಾಲಿಕೊಂಡು ನಡುಗುತ್ತಿದ್ದ, ಬೆವರು ಸುರಿಯುತ್ತಿದ್ದ ಹೇಮಚಂದ್ರನನ್ನು ನೋಡಿದ. ಒಳ್ಳೆಯ ಮನುಷ್ಯ ಪಾಪ, ಅವನ ಮುಖದಲ್ಲಿ ಕನಿಕರ ಮೂಡಿತು. ಹೆಗಲಿನ ರೇಡಿಯೋಗೆ ಕೈ ಹಾಕಿದ. "ನಿಮಗೆ ಹುಷಾರಿಲ್ಲ ಅಂತ ಕಾಣುತ್ತೆ. ಆಂಬುಲೆನ್ಸ್ ಕರೀತೀನಿ."

ಹನ್ನೊಂದು ವರ್ಷ ಪಾಠ ಹೇಳಿದ ಇಂಗ್ಲಿಷೆಲ್ಲ ಆ ಕ್ಷಣದಲ್ಲಿ ಹೇಮಚಂದ್ರನನ್ನು ಬಿಟ್ಟು ಹೋಯಿತು. ಉಳಿದದ್ದು ಒಂದೇ ಕ್ರಿಯಾಪದ. "ಟ್ವಿಸ್ಟ್... ಸರ್... ಓನ್ಲಿ ಟ್ವಿಸ್ಟ್..." ಎಂದ. ಆಮೇಲೆ ಬಂದದ್ದೆಲ್ಲ ತಿಪಟೂರಿನ ಕನ್ನಡ. "ಬೇಡ ಸ್ವಾಮೀ, ನಿಮ್ಮ ದಮ್ಮಯ್ಯ, ಕರೀಬೇಡಿ! ಅಲ್ಲಿಗೆ ಹೋದ್ರೆ ನಾನು ವಾಪಸ್ ಬರಲ್ಲ. ನನ್ನ ಹೆಂಡ್ತೀನ ನೋಡಿ ಇಪ್ಪತ್ತೈದು ದಿನ ಆಯ್ತು. ಒಂದ್ಸಲ ನೋಡದೆ ಸಾಯಂಗಾಯ್ತದೆ!" ಎಂದು ಮರವನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

"ಏನಂತಾರೆ?" ಎಂದ ಗಾರ್ಡ. ವಿನೋದಿನಿ ಮೂಗೊರೆಸಿಕೊಳ್ಳುತ್ತ, ತಪ್ಪೋ ಒಪ್ಪೋ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಗಾರ್ಡ ರೇಡಿಯೋದಿಂದ ಕೈ ತೆಗೆದ. "ಹೆಂಡತಿ ಡಾಕ್ಟರಾ? ನಂಬರ್ ಕೊಡಿ," ಎಂದ. ಫೋನಿನಲ್ಲಿ ಅವನು ಹೇಳಿದ್ದಿಷ್ಟೇ. "ಡಾಕ್ಟರ್, ಗಾಬರಿಯಾಗಬೇಡಿ. ನಿಮ್ಮ ಪತಿಯನ್ನು ಒಬ್ಬರು ಮಹಿಳೆ ಪಾರ್ಕಿನಲ್ಲಿ ಕೋಲಿಗೆ ಶೂ ಕಟ್ಟಿಕೊಂಡು ಹೊಡೆಯುತ್ತಿದ್ದರು. ಅವರ ಒಪ್ಪಿಗೆಯ ಮೇಲೆಯೇ."

ಗಾರ್ಡ ಎರಡು ಮೀಟರ್ ಹಿಂದೆ, ಹೇಮಚಂದ್ರ ವಾಲಿಕೊಂಡು ಮುಂದೆ. ಹೀಗೆ ಮೆರವಣಿಗೆ ಮನೆ ಸೇರುವಷ್ಟರಲ್ಲಿ ಬೀದಿಯ ಪರದೆಗಳೆಲ್ಲ ಸರಿದಿದ್ದವು. ವಾಟ್ಸಾಪ್ ಗುಂಪಿನಲ್ಲಿ "ಹೇಮಚಂದ್ರ ಸರ್ ಅರೆಸ್ಟ್" ಎಂಬ ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಜಯಮಾಲಾ ಬಾಗಿಲಲ್ಲಿ ಎದೆ ಹಿಡಿದುಕೊಂಡು ನಿಂತಿದ್ದರು.

ಇಪ್ಪತ್ತೇ ನಿಮಿಷದಲ್ಲಿ ವಸುಂಧರಾಳ ಕಾರು ಬಂತು. ಇಳಿದವಳು ಗೇಟಿನ ಆಚೆಯೇ ನಿಂತಳು. ಮಾಸ್ಕಿನ ಮೇಲೆ ಕಣ್ಣು ಎರಡೇ ಕಾಣುತ್ತಿದ್ದವು. ಇಪ್ಪತ್ತೈದು ದಿನಗಳಲ್ಲಿ ಅವಳು ಇಳಿದುಹೋಗಿದ್ದಳು.

"ಜ್ವರ ಎಷ್ಟಿದೆ?" ಎಂದಳು. ಅದೇ ಮೊದಲ ಮಾತು.

"ಜ್ವರ ಇಲ್ಲ ವಸು, ಸೊಂಟ..."

"ಸುಳ್ಳು ಹೇಳ್ಬೇಡ್ರೀ! ಎರಡು ದಿನದಿಂದ ನೋಡ್ತಿದೀನಿ. ಮುಖ ಬೆವರುತ್ತೆ, ಮಾತಾಡೋಕೆ ಉಸಿರು ಸಾಲ್ದು, ಫೋನ್ ಹಿಡಿಯೋಕೂ ಕೈಲಿ ಶಕ್ತಿಯಿಲ್ದೆ ವಾಲುತ್ತೆ. ಕೇಳಿದ್ರೆ ಗ್ರ್ಯಾಂಡ್ ಅಂತೀರಾ. ಅಂಟಬಾರ್ದು ಅಂತ ನಾನು ಮನೆ ಬಿಟ್ಟಿದ್ರೂ ನಿಮ್ಗೆ ಅಂಟೇಬಿಡ್ತು ಅಂದ್ಕೊಂಡೆ. ದಿನಾ ನನ್ನ ಕಣ್ಮುಂದೆ ಹೋಗ್ತಿದಾರ್ರೀ ಜನ. ನೀವೂ ಆ ಬೆಡ್‌ಗೆ ಬಂದ್ರೆ ನಾನೇನು ಮಾಡ್ಲಿ?" ಅವಳು ಗೇಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಜಗತ್ತಿನ ಭಯವೆಲ್ಲ ತನ್ನೊಬ್ಬನ ಪಾಲಿನದೆಂದೇ ಹೇಮಚಂದ್ರ ಇಷ್ಟು ದಿನ ತಿಳಿದಿದ್ದ. ತನಗಾಗಿಯೂ ಒಬ್ಬರು ಹೀಗೆ ಹೆದರಿದ್ದಾರೆಂಬುದು ಅವನಿಗೆ ಹೊಳೆದಿರಲೇ ಇಲ್ಲ. ಮೆಲ್ಲಗೆ ನಡೆದದ್ದನ್ನೆಲ್ಲ ಹೇಳಿದ. ಡ್ಯಾನ್ಸಿನ ಭಾಗ ಬಂದಾಗ ವಸುಂಧರಾ ಕಣ್ಣೊರೆಸಿಕೊಂಡಳು. ಲ್ಯಾಪ್‌ಟಾಪಿನ ಭಾಗ ಬಂದಾಗ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮಾಸ್ಕಿನಿಂದ ತಿಳಿಯಲಿಲ್ಲ.

"ಕಾಲು ಜೋಮು ಹಿಡಿದಿದ್ಯಾ? ಬೆರಳು ಆಡ್ಸಿ. ನಡೀರಿ ನಾಲ್ಕು ಹೆಜ್ಜೆ." ಅವಳು ಗೇಟಿನಾಚೆಯಿಂದಲೇ ಪರೀಕ್ಷೆ ಮಾಡಿದಳು. "ಮಾಂಸಖಂಡ ಹಿಡ್ಕೊಂಡಿದೆ, ಅಷ್ಟೇ. ಬಿಸಿನೀರಿನ ಚೀಲ ಇಡಿ, ಮಾತ್ರೆ ತಗೊಳ್ಳಿ. ನಾಲ್ಕು ದಿನಕ್ಕೆ ಸರಿಹೋಗುತ್ತೆ."

"ಆಸ್ಪತ್ರೆ?"

"ನಿಮ್ಮ ಸೊಂಟಕ್ಕೆ ಅಲ್ಲಿ ಯಾರಿಗ್ರೀ ಪುರುಸೊತ್ತು?"

ಹೇಮಚಂದ್ರನಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಬಾಗಿಲಿನಿಂದ ಜೋರಾಗಿ ಮೂಗು ಸೀಟಿದ ಸದ್ದು ಬಂತು.

"ಹೆಂಗೂ ಬಂದಿದೀಯಲ್ಲ, ಒಂದ್ಸಲ ಒದ್ದು ಹೋಗೇ ವಸು," ಎಂದರು ಜಯಮಾಲಾ ಕಣ್ಣೀರು ಸುರಿಸುತ್ತ.

"ಅಮ್ಮಾ!"

"ಇನ್ನು ಮುಚ್ಚಿಡಕ್ಕಾಗಲ್ಲ ನನ್ನ ಕೈಲಿ. ಅಳಿಯಂದ್ರೇ, ಇವಳೇ ಕಾಲು ಮುಂದಾಗಿ ಹುಟ್ಟಿದೋಳು. ಎರಡೂ ಕಾಲು. ಚಿಕ್ಕೋಳಿದ್ದಾಗ ನಮ್ಮ ಬೀದಿಯೋರೆಲ್ಲ ಇವಳ ಹತ್ರ ಒದೆಸ್ಕೊಂಡು ಹೋಗ್ತಿದ್ರು. ಅಂಥ ಹುಡುಗಿ ಅಂದ್ರೆ ಗಂಡಿನ ಕಡೆಯೋರು ಒಪ್ತಾರೋ ಇಲ್ವೋ ಅಂತ ನಿಮ್ಮನೆಯೋರಿಗೆ ಹೇಳ್ಲಿಲ್ಲ. ಇವಳ ಹತ್ರನೂ ಆಣೆ ಹಾಕಿಸ್ಕೊಂಡಿದ್ದೆ. ಹದಿನಾಲ್ಕು ವರ್ಷ ಆಯ್ತು. ನಿಮ್ಮ ಸೊಂಟ ನೋಡಿದಾಗ್ಲೆಲ್ಲ ಹೇಳಿಬಿಡೋಣ ಅನ್ನಿಸ್ತಿತ್ತು."

ಹೇಮಚಂದ್ರ ಹೆಂಡತಿಯ ಕಡೆ ನೋಡಿದ. "ಹೌದಾ?"

"ನಾನು ಎಂ.ಡಿ. ಮಾಡಿದೀನಿ," ಎಂದಳು ವಸುಂಧರಾ. "ಅದರಿಂದ ಏನೂ ಆಗಲ್ಲ."

"ಗೊತ್ತು," ಎಂದ ಹೇಮಚಂದ್ರ. ಎಂದವನು ತಿರುಗಿ, ಬೆನ್ನು ಕೊಟ್ಟು, ಗೇಟಿನ ಕಡೆಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದು ನಿಂತ.

ರಸ್ತೆಯಲ್ಲಿ ಇನ್ನೂ ಕಾದು ನಿಂತಿದ್ದ ಗಾರ್ಡ ಇದ್ದಕ್ಕಿದ್ದಂತೆ ಎದುರು ಮನೆಯ ಗಿಡಗಳಲ್ಲಿ ಬಹಳ ಆಸಕ್ತಿ ತಾಳಿದ. ವಸುಂಧರಾ ಆಚೀಚೆ ನೋಡಿದಳು. ಗೇಟು ತೆರೆದಳು. "ಮುಖ ಆ ಕಡೆಗೇ ಇರ್ಲಿ. ಉಸಿರು ಬಿಗಿ ಹಿಡೀರಿ," ಎಂದಳು. ಆಮೇಲೆ, ದಿನವಿಡೀ ನಿಂತು ಊದಿಕೊಂಡಿದ್ದ ಬಲಗಾಲನ್ನೆತ್ತಿ, ಗಂಡನ ಸೊಂಟಕ್ಕೆ ಮೆಲ್ಲಗೆ ತಾಗಿಸಿದಳು. ಎರಡನೆಯದೂ ಮೆಲ್ಲಗೆ. ಮೂರನೆಯದರಲ್ಲಿ ಎರಡು ದಿನ ನಿದ್ದೆಗೆಟ್ಟ ಸಿಟ್ಟು ಸ್ವಲ್ಪ ಸೇರಿತ್ತು.

ಸೊಂಟ ಒಂದಂಗುಲವೂ ನೆಟ್ಟಗಾಗಲಿಲ್ಲ.

"ಸರಿಹೋಯ್ತಾ?" ಎಂದಳು ವಸುಂಧರಾ.

ಹೇಮಚಂದ್ರ ಮನೆಯ ಕಡೆ ಮುಖ ಮಾಡಿಯೇ ನಿಂತಿದ್ದ. ಕಣ್ಣಿಂದ ನೀರಿಳಿದು ಮಾಸ್ಕಿನೊಳಗೆ ಹೋಗುತ್ತಿತ್ತು. ಇಪ್ಪತ್ತೈದು ದಿನಗಳಲ್ಲಿ ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು.

"ಇಲ್ಲ," ಎಂದ. "ಇನ್ನೊಂದು ಸಲ ಒದಿ."

"ಮೂರಕ್ಕೇ ಶಾಸ್ತ್ರ ಮುಗೀತು ಅಳಿಯಂದ್ರೇ," ಎಂದರು ಜಯಮಾಲಾ.

"ಅತ್ತೆ, ನೀವು ಸುಮ್ನಿರಿ."

ವಸುಂಧರಾ ಇನ್ನೊಂದು ಸಲ ಒದ್ದಳು.